ಹನ್ನೊಂದು ಗಂಟೆಗೆ ನಸುಕು ತೋರಿಸುತ್ತಿದ್ದ ಲ್ಯಾಪ್‌ಟಾಪ್

ಲಗ್ನಪತ್ರಿಕೆಯಲ್ಲಿ ಮುಹೂರ್ತ ಐದು ನಿಮಿಷ ತಪ್ಪಿ ಅಚ್ಚಾದರೂ ಎರಡೂ ಬೀಗರಿಂದ ಬೈಸಿಕೊಳ್ಳುವವನು ನಾನು. ಅಂಥವನ ಲ್ಯಾಪ್‌ಟಾಪೇ ಐದೂವರೆ ತಾಸು ಹಿಂದೆ ಬಿದ್ದಿರುತ್ತಿತ್ತು. ಬೆಳಗ್ಗೆ 11ಕ್ಕೆ ಅಂಗಡಿ ತೆರೆದರೆ ಪರದೆಯ ಮೂಲೆಯಲ್ಲಿ ನಸುಕಿನ 5.30. ಅದೂ ದಿನಾಲೂ ಅಲ್ಲ, ಹಿಂದಿನ ರಾತ್ರಿ ಮಗಳು ಬಳಸಿದ್ದರೆ ಮಾತ್ರ.

ಕನ್ನಡ, ಮರಾಠಿ ಎರಡರ ಡಿಟಿಪಿಯೂ ನನ್ನದು ವಿಂಡೋಸ್‌ನಲ್ಲಿ. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಇಲ್ಲದಿದ್ದರೆ ಕೈ ಓಡುವುದಿಲ್ಲ. ಇಂಜಿನಿಯರಿಂಗ್ ಓದುವ ಮಗಳು ಅದೇ ಯಂತ್ರದಲ್ಲಿ ವಿಂಡೋಸ್ ಜೊತೆಗೆ ಉಬುಂಟು ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಹಾಕಿಕೊಂಡಿದ್ದಾಳೆ. ಕಳೆದ ತಿಂಗಳು, ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯಾಸ್ ಅಪ್‌ಡೇಟ್ ಆಯಿತು. ಮರುದಿನದಿಂದ, ಆನ್ ಮಾಡಿದಾಗ ಎರಡರಲ್ಲಿ ಯಾವುದು ಬೇಕೆಂದು ಕೇಳುತ್ತಿದ್ದ ಗ್ರಬ್ ಪಟ್ಟಿಯೇ ಮಾಯ. ಆಕೆಯ ಪ್ರಾಜೆಕ್ಟ್ ಒಳಗೇ ಸಿಕ್ಕಿಕೊಂಡಿತು.

ಮೊದಲು ಹೋದದ್ದು ಪೇಟೆಯ ಒಂದು ದೊಡ್ಡ ಅಂಗಡಿಗೆ. ಅವರು ಮುಚ್ಚಳ ತೆರೆಯುವ ಮೊದಲೇ ‘ಫಾರ್ಮ್ಯಾಟ್, 1,200 ರೂಪಾಯಿ, ಡೇಟಾ ಹೋದರೆ ನಾವು ಹೊಣೆಯಲ್ಲ’ ಎಂದರು. ಎತ್ತಿಕೊಂಡು ಬಂದೆ.

ಬೆಳಗಾವಿ ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನ ಹತ್ತಿರದ ಚಿಕ್ಕ ಅಂಗಡಿಯ ಹುಡುಗ ಮೊದಲು ಕೇಳಿದ್ದು, ‘ಕಾಕಾ, ಬಿಟ್‌ಲಾಕರ್ ಚಾಲೂ ಇದೆಯೇ? ಇದ್ದರೆ 48 ಅಂಕಿಯ ಕೀ ಬರೆದಿಟ್ಟುಕೊಂಡೇ ಬಯಾಸ್ ಮುಟ್ಟಬೇಕು.’ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯವಂತೆ ಅದು, ನಮ್ಮದರಲ್ಲಿ ಇರಲಿಲ್ಲ. ಆದರೆ ಆ ಒಂದು ಪ್ರಶ್ನೆಗೇ ನನಗೆ ಧೈರ್ಯ ಬಂತು. ಎಫ್2 ಒತ್ತಿ ಬೂಟ್ ಕ್ರಮ ತೆರೆದ. ವಿಂಡೋಸ್ ಬೂಟ್ ಮ್ಯಾನೇಜರ್ ಮೇಲೆ ಕುಳಿತಿತ್ತು, ಉಬುಂಟು ಅದರ ಕೆಳಗೆ. ಅದಲು ಬದಲು ಮಾಡಿದ, ಗ್ರಬ್ ಪಟ್ಟಿ ಬಂದೇಬಿಟ್ಟಿತು. ಎರಡು ನಿಮಿಷವೂ ಹಿಡಿಯಲಿಲ್ಲ. 1,200 ರೂಪಾಯಿ ನೆನಪಾಗಿ ನಗು ಬಂತು.

ಗಡಿಯಾರದ ಮಾತು ತೆಗೆದೆ. ಸ್ಟೂಲ್ ಎಳೆದುಕೊಂಡು ಪತ್ರಿಕೆಯೊಂದರ ಹಿಂಬದಿಯಲ್ಲಿ ಬರೆದು ತೋರಿಸಿದ. ಲ್ಯಾಪ್‌ಟಾಪಿನೊಳಗಿನ ಗಡಿಯಾರ ಒಂದೇ. ಉಬುಂಟು ಅದರಲ್ಲಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ ಬರೆದು, ನಮಗೆ ತೋರಿಸುವಾಗ ಐದೂವರೆ ತಾಸು ಕೂಡಿಸುತ್ತದೆ. ವಿಂಡೋಸ್ ಅಲ್ಲಿರುವುದನ್ನೇ ಭಾರತದ ಸಮಯವೆಂದು ಓದುತ್ತದೆ. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ. ನಡುವೆ ಸಿಕ್ಕವನು ನಾನು. ಉಬುಂಟುವಿನ ಟರ್ಮಿನಲ್‌ನಲ್ಲಿ ಒಂದು ಸಾಲು ಟೈಪ್ ಮಾಡಿ ಅದನ್ನೂ ಸ್ಥಳೀಯ ಸಮಯಕ್ಕೆ ತಂದ. ಬೇಸಿಗೆ ಬಂತೆಂದು ಗಡಿಯಾರ ಒಂದು ತಾಸು ಮುಂದಿಡುವ ದೇಶಗಳಲ್ಲಿ ಇದು ತಲೆನೋವು, ನಮ್ಮಲ್ಲಿ ಆ ಪದ್ಧತಿಯೇ ಇಲ್ಲ ಎಂದ.

ನಾನು ಕೇಳದಿದ್ದ ಇನ್ನೊಂದನ್ನೂ ಸರಿ ಮಾಡಿದ. ಉಬುಂಟುವಿನಿಂದ ಡಿ ಡ್ರೈವ್ ತೆರೆಯುತ್ತಿತ್ತು, ಆದರೆ ಮಗಳು ಏನನ್ನೂ ಅದರಲ್ಲಿ ಉಳಿಸಲು ಆಗುತ್ತಿರಲಿಲ್ಲ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲವಂತೆ, ಅರೆನಿದ್ದೆ. ಅದಕ್ಕೇ ಉಬುಂಟು ಆ ಡ್ರೈವನ್ನು ಓದುತ್ತದೆಯೇ ಹೊರತು ಬರೆಯಲು ಹೋಗುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಟಿಕ್ ತೆಗೆದ. ಈಗ ವಿಂಡೋಸ್ ಏಳಲು ಸ್ವಲ್ಪ ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ನಾನು ದೇವರಿಗೆ ಊದುಬತ್ತಿ ಹಚ್ಚಿರುತ್ತೇನೆ.

ಎಲ್ಲಾ ಸೇರಿ 350 ರೂಪಾಯಿ. ಕುಂದುಗಳೂ ಇವೆ. ಬಿಲ್ಲನ್ನು ಎರಡು ಸಲ ಕೇಳಬೇಕಾಯಿತು. ಇರುವುದೊಂದೇ ಸ್ಟೂಲ್, ಅದರ ಮೇಲೆ ಅವನೇ ಕುಳಿತಿರುತ್ತಾನೆ. ಮುಕ್ಕಾಲು ತಾಸು ನಿಂತೇ ಇದ್ದೆ. ಮಧ್ಯಾಹ್ನ 2ರಿಂದ 4ರವರೆಗೆ ಶಟರ್ ಕೆಳಗಿರುತ್ತದೆ, ಫೋನನ್ನೂ ಎತ್ತುವುದಿಲ್ಲ. ಬೆಳಗ್ಗೆಯೇ ಹೋಗಿ, ಚಾರ್ಜರ್ ಮರೆಯಬೇಡಿ.