ಆಟೋ ಓವರ್‌ಕ್ಲಾಕ್ ಆದ ಮೇಲೆ ಡಿಸ್‌ಪ್ಲೇ ಕೈಕೊಟ್ಟರೆ: ಡ್ರೈವರ್ ಕ್ಲೀನಾ, ಸಿಮಾಸ್ ಕ್ಲಿಯರಾ?

ದಾವಣಗೆರೆ ಪಿ.ಜೆ. ಬಡಾವಣೆಯ ಒಂದು ಸಣ್ಣ ರೂಮಿನಲ್ಲಿ ನನ್ನ ಕೆಲಸ. ಮದುವೆ ವಿಡಿಯೊ, ಆಲ್ಬಂ ಡಿಸೈನ್. ರೈಜನ್ 5 3600, ಜಿಟಿಎಕ್ಸ್ 1660 ಸೂಪರ್, 16 ಜಿಬಿ ರ್ಯಾಮ್. ಏಪ್ರಿಲ್‌ನಲ್ಲಿ ಕೆಲಸ ಜಾಸ್ತಿ ಇತ್ತು. ರೆಂಡರ್ ಸ್ವಲ್ಪ ಬೇಗ ಮುಗಿಯಲಿ ಅಂತ ಮದರ್‌ಬೋರ್ಡ್ ಜೊತೆ ಬಂದ ಸಾಫ್ಟ್‌ವೇರ್‌ನಲ್ಲಿ ಆಟೋ ಓವರ್‌ಕ್ಲಾಕ್ (ನಿಗದಿಗಿಂತ ಜಾಸ್ತಿ ವೇಗದಲ್ಲಿ ಓಡಿಸುವ) ಬಟನ್ ಒತ್ತಿದೆ. ಮೂರ್ನಾಲ್ಕು ಸಲ ತಾನೇ ರೀಸ್ಟಾರ್ಟ್ ಆಗಿ, ಎಲ್ಲ ಸರಿಯಾಗಿದೆ ಅಂತ ತೋರಿಸಿತು.

ಎರಡು ಗಂಟೆ ಆದ ಮೇಲೆ ಸ್ಕ್ರೀನ್ ಕಪ್ಪಾಯಿತು. ಎರಡು ಸೆಕೆಂಡಿಗೆ ವಾಪಸ್ ಬಂತು. ಸಂಜೆ ಹೊತ್ತಿಗೆ ಮದುಮಗಳ ಧಾರೆ ಸೀರೆ ಮೇಲೆ ಹಸಿರು, ಗುಲಾಬಿ ಬಣ್ಣದ ಚಿಕ್ಕ ಚಿಕ್ಕ ಚೌಕಗಳು. ಮಾರನೇ ದಿನ ಬೆಳಿಗ್ಗೆ ಫ್ಯಾನ್ ತಿರುಗುತ್ತಿದೆ, ಮಾನಿಟರ್‌ನಲ್ಲಿ ಮಾತ್ರ 'ನೋ ಸಿಗ್ನಲ್'. ಮೂರನೇ ಸಲ ಆನ್ ಮಾಡಿದಾಗ ಬಂತು. ತಮ್ಮ ನೋಡಿ, "ಅಣ್ಣ, ಕಾರ್ಡ್ ಹೋತು ಬಿಡು" ಅಂದ. ರಿಪೇರಿ ಅಂಗಡಿಯಲ್ಲೂ ಅದೇ ಮಾತು, ಚಿಪ್ ಬಿಸಿ ಮಾಡಿ ಕೂರಿಸಬೇಕು ಅಂದರು. ನಾನು ಕೊಡಲಿಲ್ಲ. ಹಿಂದಿನ ದಿನದವರೆಗೂ ಚೆನ್ನಾಗಿದ್ದ ಕಾರ್ಡು, ಮಧ್ಯೆ ಬದಲಾಗಿದ್ದು ಒಂದೇ ಒಂದು ವಿಷಯ ಅಲ್ವಾ?

ಮೊದಲು ಒಂದು ಸುಲಭದ ಪರೀಕ್ಷೆ ಮಾಡಿದೆ. ಚೌಕಗಳು ಕಾಣುತ್ತಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲಿ ನೋಡಿದೆ. ಅಲ್ಲೂ ಚೌಕಗಳಿದ್ದವು. ಅಂದರೆ ತಪ್ಪು ಕೇಬಲ್ ಅಥವಾ ಮಾನಿಟರ್‌ನದ್ದಲ್ಲ, ಚಿತ್ರ ತಯಾರಾಗುವಾಗಲೇ ಕೆಡುತ್ತಿದೆ.

ಆಮೇಲೆ ಆ ಸಾಫ್ಟ್‌ವೇರ್ ಅನ್ನೇ ಅನ್‌ಇನ್‌ಸ್ಟಾಲ್ ಮಾಡಿದೆ. ಏನೂ ಬದಲಾಗಲಿಲ್ಲ. ಅದು ಸೆಟ್ಟಿಂಗ್ ಬರೆದಿದ್ದು ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನದೇ ಸಾಫ್ಟ್‌ವೇರ್‌ನಲ್ಲಿ, ವಿಂಡೋಸ್‌ನಿಂದ ತೆಗೆದರೆ ಹೇಗೆ ಹೋಗುತ್ತದೆ?

ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ 4101 ಅನ್ನುವ ಎಚ್ಚರಿಕೆ ಸಾಲುಸಾಲಾಗಿ ಇತ್ತು. ಗ್ರಾಫಿಕ್ಸ್ ಕಾರ್ಡ್ ಎರಡು ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ರೀಸೆಟ್ ಮಾಡುತ್ತದೆ, ಸ್ಕ್ರೀನ್ ಕಪ್ಪಾಗುವುದು ಅದಕ್ಕೇ. ರಿಜಿಸ್ಟ್ರಿಯಲ್ಲಿ ಆ ಸಮಯವನ್ನು ಎಂಟು ಸೆಕೆಂಡ್ ಮಾಡಿ ನೋಡಿದೆ. ಸ್ಕ್ರೀನ್ ಇನ್ನೂ ಜಾಸ್ತಿ ಹೊತ್ತು ಹಾಗೇ ನಿಂತಿತು, ಅಷ್ಟೇ. ಅದನ್ನು ವಾಪಸ್ ತೆಗೆದೆ.

ಡ್ರೈವರ್ ಕ್ಲೀನ್ ನನ್ನನ್ನು ಒಂದು ದಿನ ಪೂರ್ತಿ ದಾರಿ ತಪ್ಪಿಸಿತು. ಸೇಫ್ ಮೋಡ್‌ನಲ್ಲಿ ಡಿಡಿಯು ಅನ್ನುವ, ಡ್ರೈವರ್ ಅಳಿಸುವ ಸಾಫ್ಟ್‌ವೇರ್ ಹಾಕಿ ಹಳೆಯ ಡ್ರೈವರ್ ಪೂರ್ತಿ ಒರೆಸಿ ಹೊಸದು ಹಾಕಿದೆ. ಮುಕ್ಕಾಲು ಗಂಟೆ ಕೆಲಸ. ಮಧ್ಯಾಹ್ನದವರೆಗೆ ಎಲ್ಲ ಸರಿ ಇತ್ತು, ಖುಷಿಯಿಂದ ಹೋಗಿ ಬೆಣ್ಣೆ ದೋಸೆ ತಿಂದು ಬಂದೆ. ಬಂದು ಟೈಮ್‌ಲೈನ್ ಎಳೆದ ತಕ್ಷಣ ಮತ್ತೆ ಚೌಕಗಳು. ಬೆಳಿಗ್ಗೆಯೆಲ್ಲ ಕಾರ್ಡಿನ ಮೇಲೆ ಲೋಡ್ ಇರಲಿಲ್ಲ, ಅದಕ್ಕೇ ಸರಿಹೋದ ಹಾಗೆ ಕಂಡಿತು. ಇಷ್ಟಕ್ಕೂ ಪವರ್ ಒತ್ತಿದ ಕೂಡಲೇ, ವಿಂಡೋಸ್ ಬರುವ ಮೊದಲೇ 'ನೋ ಸಿಗ್ನಲ್' ಬರುತ್ತಿತ್ತಲ್ಲ, ಆ ಹೊತ್ತಿಗೆ ಡ್ರೈವರ್ ಇನ್ನೂ ಲೋಡೇ ಆಗಿರುವುದಿಲ್ಲ. ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಕೊನೆಗೆ ಬಯಾಸ್‌ಗೆ ಹೋಗಿ ನೋಡಿದೆ. ಬೇಸ್ ಕ್ಲಾಕ್, ಅಂದರೆ ಉಳಿದ ವೇಗಗಳಿಗೆ ಮೂಲವಾದದ್ದು, 100 ಮೆಗಾಹರ್ಟ್ಸ್ ಇರಬೇಕಾದದ್ದು 104 ಆಗಿತ್ತು. ನನ್ನ ಬೋರ್ಡಿನಲ್ಲಿ ಪಿಸಿಐಇ (ಕಾರ್ಡ್, ಎಸ್‌ಎಸ್‌ಡಿ ಕೂರುವ ಸ್ಲಾಟುಗಳ) ಕ್ಲಾಕ್ ಕೂಡ ಇದಕ್ಕೇ ಕಟ್ಟಿಕೊಂಡಿದೆ, ಪ್ರೊಸೆಸರ್ ಜೊತೆ ಗ್ರಾಫಿಕ್ಸ್ ಸ್ಲಾಟು, ಎನ್‌ವಿಎಂಇ ಎಸ್‌ಎಸ್‌ಡಿ, ರ್ಯಾಮ್ ಎಲ್ಲ ಒಟ್ಟಿಗೆ ಜಾಸ್ತಿ ವೇಗದಲ್ಲಿ ಓಡಲು ಶುರುಮಾಡಿದ್ದವು, 3200ರ ರ್ಯಾಮ್ 3328ರಲ್ಲಿ ನಡೆಯುತ್ತಿತ್ತು. ಎಸ್‌ಎಸ್‌ಡಿ ನೆನೆದು ನಿಜಕ್ಕೂ ಹೆದರಿದೆ, ಅದರೊಳಗೆ ಜನರ ಮದುವೆ ಇರುತ್ತದೆ.

ಆ ಪುಟವನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟು ಸಿಮಾಸ್ ಕ್ಲಿಯರ್ ಮಾಡಿದೆ, ಅಂದರೆ ಬಯಾಸ್ ಸೆಟ್ಟಿಂಗ್ ಎಲ್ಲ ಅಳಿಸಿ ಮೊದಲಿನ ಸ್ಥಿತಿಗೆ ತಂದೆ. ಸ್ಕ್ರೀನ್ ಬರುತ್ತಿದ್ದರೆ ಬಯಾಸ್‌ನಲ್ಲೇ ಡಿಫಾಲ್ಟ್ ಲೋಡ್ ಮಾಡಿದರೆ ಸಾಕು, ಒಂದು ನಿಮಿಷದ ಕೆಲಸ. ನನಗೆ ಅಷ್ಟರಲ್ಲಿ ಮತ್ತೆ ಸಿಗ್ನಲ್ ಹೋಯಿತು, 3600ರಲ್ಲಿ ಒಳಗಿನ ಗ್ರಾಫಿಕ್ಸೂ ಇಲ್ಲ, ಹಾಗಾಗಿ ಆ ಸೆಟ್ಟಿಂಗ್ ಉಳಿಸಿಡುವ, ಮದರ್‌ಬೋರ್ಡಿನ ಮೇಲಿನ ಬ್ಯಾಟರಿಯೇ ತೆಗೆಯಬೇಕಾಯಿತು. ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿದೆ. ಸಿಆರ್2032 ಬ್ಯಾಟರಿ ಇದ್ದದ್ದು ಸರಿಯಾಗಿ ಕಾರ್ಡಿನ ಕೆಳಗೆ. ಸ್ಲಾಟಿನ ತುದಿಯ ಕೊಂಡಿಗೆ ಬೆರಳು ಹೋಗದು, ಒಂದು ಪ್ಲಾಸ್ಟಿಕ್ ಸ್ಕೇಲಿನಿಂದ ಮೆಲ್ಲಗೆ ಒತ್ತಿ ಕಾರ್ಡ್ ಎತ್ತಿದೆ. ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿದೆ. ಮೊದಲ ಸಲಕ್ಕೇ ಚಿತ್ರ ಬಂತು.

ರ್ಯಾಮ್ 2133ಕ್ಕೆ ಇಳಿದಿತ್ತು, ತಾರೀಖೂ ಹೋಗಿತ್ತು. ಕೂಡಲೇ ಎಕ್ಸ್‌ಎಂಪಿ (ರ್ಯಾಮನ್ನು ಅದರ ಮೇಲೆ ಬರೆದ ಪೂರ್ತಿ ವೇಗಕ್ಕೆ ತರುವ ಸೆಟ್ಟಿಂಗ್) ಆನ್ ಮಾಡಬೇಡಿ. ನಾನು ಒಂದು ದಿನ ಡಿಫಾಲ್ಟ್‌ನಲ್ಲೇ ರೆಂಡರ್ ಮಾಡಿ, ಒಂದೂ 4101 ಬರಲಿಲ್ಲ ಅಂತ ನೋಡಿಕೊಂಡ ಮೇಲೆ ಹಾಕಿದೆ. ಎರಡನ್ನೂ ಒಟ್ಟಿಗೆ ಮಾಡಿದರೆ ತಪ್ಪು ಯಾವುದರದ್ದು ಅಂತ ಗೊತ್ತಾಗುವುದಿಲ್ಲ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇರುವವರು ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ, ಬಯಾಸ್ ರೀಸೆಟ್ ಆದರೆ ಅದು ಕೇಳಬಹುದು.

ನನ್ನ ಮಟ್ಟಿಗೆ ಡಿಡಿಯುಗಿಂತ ಸಿಮಾಸ್ ಕ್ಲಿಯರ್ ಮೊದಲು, ಅದರಲ್ಲಿ ಅನುಮಾನವೇ ಇಲ್ಲ. ಡಿಫಾಲ್ಟ್‌ಗೆ ಬಂದ ಮೇಲೂ ಚೌಕಗಳು ಬಂದರೆ ಆಗ ಡಿಡಿಯು, ಆಮೇಲೆ ಕಾರ್ಡನ್ನು ಬೇರೆ ಪಿಸಿಯಲ್ಲಿ ಹಾಕಿ ನೋಡುವುದು. ಅಷ್ಟಾದ ಮೇಲೆ ಅಂಗಡಿ.

ಎಂಟು ನಿಮಿಷದ ಹೈಲೈಟ್ ವಿಡಿಯೊ ಓವರ್‌ಕ್ಲಾಕ್‌ನಲ್ಲಿ 11 ನಿಮಿಷ 5 ಸೆಕೆಂಡಿಗೆ ಮುಗಿದಿತ್ತು. ಈಗ 11 ನಿಮಿಷ 40 ಸೆಕೆಂಡ್. ಆ 35 ಸೆಕೆಂಡಿಗೆ ನಾನು ಮೂರು ದಿನ ಕೊಟ್ಟಿದ್ದೆ, ಹರಿಹರದ ಮದುವೆಯವರು ದಿನಾ ಫೋನ್ ಮಾಡುತ್ತಿದ್ದರು.