ಬಿದಿರ ತೆಪ್ಪ, ಫೈಬರ್ ತೆಪ್ಪ, ಕರಾವಳಿ ದೋಣಿ: ಹಳೆಯದಕ್ಕೆ ಎಷ್ಟು ಕೊಡಬಹುದು?

ಕೋಲಾರದಲ್ಲಿ ಹಳೇ ಟ್ರ್ಯಾಕ್ಟರಿಗೆ ಎಷ್ಟು ಕೊಡಬಹುದು ಅಂತ ಟೀ ಅಂಗಡಿಯಲ್ಲಿ ಕೇಳಿ ನೋಡಿ. ಯಾವ ಮಾಡೆಲ್, ಯಾವ ವರ್ಷ, ಟೈರು ಹೇಗಿದೆ ಅಂತ ಮೂರು ಮಾತು ಕೇಳಿ, ಐದು ಸಾವಿರ ಆಚೀಚೆಯಲ್ಲಿ ಬೆಲೆ ಹೇಳಿಬಿಡುತ್ತಾರೆ. ಸೀಮೆ ಹಸುವಿನದೂ ಹಾಗೇ. ಅದೇ ಜನ ದೋಣಿ ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆಯಲ್ಲಿ ದೋಣಿಗೆ ರೇಟು ಗೊತ್ತಿರಬೇಕು ಅಂದರೆ ಹೇಗೆ?

ಆದರೆ ಈಗ ಗೊತ್ತಿರಲೇಬೇಕಾಗಿದೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಯೋಜನೆಯ ನೀರು, ಮೊದಲಿಗೆ ಲಕ್ಷ್ಮೀಸಾಗರ ಕೆರೆಗೆ ಬಂತು. ಯೋಜನೆಯ ಲೆಕ್ಕದಲ್ಲಿ ಇದ್ದದ್ದು 126 ಕೆರೆ. ಅದರ ಮೇಲೆ 2021ರ ಮಳೆಗೆ ನಮ್ಮ ತಲೆಮಾರು ಕೋಡಿ ಹರಿದದ್ದನ್ನೇ ನೋಡದ ಕೆರೆಗಳೂ ತುಂಬಿದವು. ಕಾಟ್ಲಾ, ರೋಹು ಮೀನಿನ ಮರಿ ಬಿಡುವ ಗುಂಪುಗಳು ಊರೂರಲ್ಲಿ ಹುಟ್ಟಿದವು, ನಮ್ಮದೂ ಒಂದು. ಬಲೆ ಹಾಕಬೇಕು, ಎತ್ತಬೇಕು, ಕಾವಲಿಗೆ ಸುತ್ತಬೇಕು. ಹೊಸ ದೋಣಿಗೆ ಕೈಯಲ್ಲಿ ದುಡ್ಡು ಸಾಲದು. ಹಳೆಯದನ್ನು ಹುಡುಕಿ ಹೊರಟರೆ ಮಾರುವವರು ಹೇಳಿದ್ದೇ ಬೆಲೆ, ಏಕೆಂದರೆ ಎದುರು ಮಾತಾಡಲು ನಮ್ಮ ಹತ್ತಿರ ಯಾವ ಅಳತೆಗೋಲೂ ಇರಲಿಲ್ಲ.

ಹಾಗಾಗಿ ಮೂರು ಥರದ್ದನ್ನು ನೋಡಿದೆವು, ನೀರಿಗಿಳಿಸಿದೆವು, ಮೂರಕ್ಕೂ ಒಂದೇ ಲೆಕ್ಕ ಹಾಕಿದೆವು. ಲೆಕ್ಕ ಸರಳ. ಅಂಥದ್ದೇ ಹೊಸದಕ್ಕೆ ಇವತ್ತು ಎಷ್ಟು ಅಂತ ವಿಚಾರಿಸಿ, ಅದನ್ನು ಅದು ಬಾಳುವ ವರ್ಷಗಳಿಗೆ ಹಂಚಬೇಕು. ಎದುರಿಗಿರುವ ಹಳೆಯದಕ್ಕೆ ಇನ್ನೆಷ್ಟು ವರ್ಷ ಆಯುಷ್ಯ ಇದೆ ಅಂತ ತೀರ್ಮಾನಿಸಿ ಗುಣಿಸಬೇಕು. ಬಂದ ಮೊತ್ತದಲ್ಲಿ ರಿಪೇರಿ ಖರ್ಚು, ನಮ್ಮ ಕೆರೆ ಏರಿಯವರೆಗೆ ತರುವ ಬಾಡಿಗೆ, ಎರಡನ್ನೂ ಕಳೆಯಬೇಕು. ಉಳಿದದ್ದು ನಾವು ಕೊಡಬಹುದಾದ ಬೆಲೆ. ಮಾರುವವರು ಎಷ್ಟಕ್ಕೆ ತಂದರು, ಎಷ್ಟು ವರ್ಷ ಇಟ್ಟುಕೊಂಡರು ಅನ್ನುವುದು ಈ ಲೆಕ್ಕದೊಳಗೆ ಬರುವುದಿಲ್ಲ. ಮೂಲೆಯಲ್ಲಿ ಒಣಗಿ ಬಿದ್ದ ಎರಡು ವರ್ಷದ ತೆಪ್ಪಕ್ಕಿಂತ, ನೆರಳಿನಲ್ಲಿ ಮಗುಚಿ ಇಟ್ಟು ಸಾಕಿದ ಐದು ವರ್ಷದ್ದು ಗಟ್ಟಿಯಾಗಿರುತ್ತದೆ.

ಮೊದಲು ಬಿದಿರ ತೆಪ್ಪ, ಅಂದರೆ ಬುಟ್ಟಿಯಂಥ ದುಂಡನೆ ಹರಿಗೋಲು. ಹೊಗೇನಕಲ್ ಕಡೆಯಿಂದ ತಂದದ್ದು, ಏಳಡಿ ಅಗಲ. ಬಿದಿರ ಸೀಳಿನ ಹೆಣಿಗೆ, ಮೇಲೆ ಪ್ಲಾಸ್ಟಿಕ್ ಶೀಟು, ಅದರ ಮೇಲೆ ಟಾರು. ಹೇಳಿದ್ದು 3,000. ಹೊಸದಕ್ಕೆ ನಮಗೆ ಸಿಕ್ಕ ಬೆಲೆ 7,000, ಬಾಳಿಕೆ ಎರಡು ವರ್ಷ ಅಂತ ಇಟ್ಟರೆ ವರ್ಷಕ್ಕೆ 3,500. ಇದರಲ್ಲಿ ನೋಡಬೇಕಾದ್ದು ಟಾರು ಅಲ್ಲ. ಹೊಸ ಟಾರು ಬಳಿದು ಫಳಫಳ ಅನ್ನಿಸಿದ ತೆಪ್ಪವನ್ನೇ ಹೆಚ್ಚು ಅನುಮಾನದಿಂದ ನೋಡಬೇಕು. ಒಳಗಿನಿಂದ, ತಳದ ಮಧ್ಯದಲ್ಲಿ, ಸೀಳು ಸೀಳು ದಾಟುವ ಕಡೆ ಹೆಬ್ಬೆರಳಿಂದ ಒತ್ತಿ. ಬಿದಿರು ಮೆತ್ತಗಾಗಿದ್ದರೆ ಕೊಳೆತಿದೆ. ಹಿಟ್ಟಿನಂಥ ಪುಡಿ ಉದುರಿದರೆ ಹುಳು ಸೇರಿದೆ. ಇದರಲ್ಲಿ ಕೊಳೆ ಇರಲಿಲ್ಲ, ಅಂಚಿನ ಕಟ್ಟು ಮಾತ್ರ ಸಡಿಲ. ಒಂದು ವರ್ಷ ಬರುತ್ತದೆ ಅಂತ ಇಟ್ಟು, ಶೀಟು ಮತ್ತು ಟಾರಿಗೆ 1,500 ಕಳೆದರೆ 2,000. ಆ ಬೆಲೆಗೆ ಅವರು ಒಪ್ಪಿದರು ಕೂಡ.

ಆದರೂ ಬಿಟ್ಟೆವು. ನಮ್ಮ ಕೆರೆಗಳ ಒಡಲೆಲ್ಲ ಜಾಲಿ. ದಶಕಗಳ ಕಾಲ ನೀರಿಲ್ಲದೆ ಇದ್ದಾಗ ಬೆಳೆದ ಮರಗಳು, ಈಗ ನೀರಿನಲ್ಲಿ ಮುಳುಗಿ ಒಣಗಿ ನಿಂತಿವೆ. ಕೊಂಬೆ ಕಾಣುವುದೇ ಇಲ್ಲ. ಪ್ಲಾಸ್ಟಿಕ್ ಶೀಟಿಗೆ ಜಾಲಿ ಮುಳ್ಳು ತಗುಲಿದರೆ ಮಧ್ಯ ಕೆರೆಯಲ್ಲಿ ಏನು ಮಾಡುವುದು? ಮಾರುವವರಿಗೆ ಒಳ್ಳೆಯ ಈಜು ಬರುತ್ತಿತ್ತು, ನಮ್ಮ ಗುಂಪಿನಲ್ಲಿ ಅರ್ಧ ಜನಕ್ಕೆ ಬರುವುದಿಲ್ಲ. ಮರಳು ತಳದ ಹೊಳೆಯಲ್ಲಿ 2,000ಕ್ಕೆ ನ್ಯಾಯವಾದ ತೆಪ್ಪ ನಮ್ಮ ಕೆರೆಯಲ್ಲಿ ಪುಕ್ಕಟೆ ಕೊಟ್ಟರೂ ದುಬಾರಿ. ತಳ ಚೊಕ್ಕಟ ಇರುವ ಕೆರೆಯವರು, ಒಂದು ಹಂಗಾಮು ಪ್ರಯತ್ನ ಮಾಡಿ ನೋಡೋಣ ಅನ್ನುವವರು ಧಾರಾಳವಾಗಿ ತೆಗೆದುಕೊಳ್ಳಬಹುದು.

ಎರಡನೆಯದು ಫೈಬರ್ ತೆಪ್ಪ. ಚಿಂತಾಮಣಿ ಕಡೆ ಕೆರೆ ಮೀನಿನ ಗುತ್ತಿಗೆ ಮುಗಿಸಿ ಕೈಬಿಟ್ಟವರದ್ದು. ಆಕಾರ ಅದೇ ದುಂಡು, ಹುಟ್ಟು ಹಾಕುವ ರೀತಿಯೂ ಅದೇ. ಕೇಳಿದ್ದು 11,000.

“ಮೂರೇ ವರ್ಷ ಆಗಿರೋದು ಅಣ್ಣ, ಬಿಲ್ಲೂ ಐತೆ. ಹೊಸದು ತಗೋಳೋಕೆ ಹೋದ್ರೆ ಹದಿನಾರು ಕೇಳ್ತಾರೆ.”

ಹದಿನಾರು ಸಾವಿರ ಅನ್ನುವುದು ನಿಜ, ನಾವೂ ಎರಡು ಕಡೆ ಕೇಳಿದ್ದೆವು. ಫೈಬರ್ ಎಂದರೆ ಗಾಜಿನ ನಾರಿನ ಚಾಪೆಯನ್ನು ರಾಳದಲ್ಲಿ ಅದ್ದಿ ಪದರ ಪದರವಾಗಿ ಕೂರಿಸಿದ್ದು. ಮೇಲಿನ ಬಣ್ಣದ ನುಣುಪು ಪದರಕ್ಕೆ ಜೆಲ್‌ಕೋಟ್ ಅನ್ನುತ್ತಾರೆ, ನೀರು ಒಳನಾರಿಗೆ ಇಳಿಯದಂತೆ ತಡೆಯುವುದು ಅದು. ಕೆಡುವುದು ಎರಡು ದಾರಿಯಲ್ಲಿ. ಬಿಸಿಲಿಗೆ ಜೆಲ್‌ಕೋಟ್ ಸುಣ್ಣದಂತಾಗಿ ಸವೆದು ನಾರು ಹೊರಗೆ ಬರುತ್ತದೆ. ಇಲ್ಲವೇ ಏಟು ಬಿದ್ದು ಪದರ ಪದರದ ನಡುವೆ ಬಿಡುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಮೊದಲನೆಯದಕ್ಕೆ ಅಂಗೈ ಸಾಕು: ಸವರಿದಾಗ ಬಿಳಿ ಪುಡಿ ಹತ್ತಿದರೆ ಬಿಸಿಲು ತಿಂದಿದೆ, ಚುಚ್ಚಿದರೆ ನಾರೇ ಬಂದಿದೆ. ಎರಡನೆಯದಕ್ಕೆ ಸ್ಕ್ರೂಡ್ರೈವರಿನ ಹಿಡಿಯಿಂದ ಗೇಣು ಗೇಣಿಗೆ ತಟ್ಟುತ್ತಾ ಹೋಗಬೇಕು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಪದರ ಬಿಟ್ಟಲ್ಲಿ ಡಬ್ ಅನ್ನುತ್ತದೆ. ಸದ್ದು ಬದಲಾದ ಕಡೆಯೆಲ್ಲ ಚಾಕ್‌ಪೀಸಿನಲ್ಲಿ ಗುರುತು ಹಾಕಿದೆವು. ಮಾರುವವರ ಎದುರೇ ಹಾಕಿದೆವು. ಇದು ಮುಖ್ಯ. ಚೌಕಾಸಿಯಲ್ಲಿ ಬಾಯಿಮಾತಿಗಿಂತ ಆ ಸುಣ್ಣದ ಗೆರೆಗಳು ಹೆಚ್ಚು ಕೆಲಸ ಮಾಡಿದವು.

ಆಮೇಲೆ ದಡದಲ್ಲೇ ನಾಲ್ಕು ಕಲ್ಲಿನ ಮೇಲೆ ಕೂರಿಸಿ, ಒಳಗೆ ನಾಲ್ಕು ಬೆರಳು ನೀರು ಹಾಕಿ ಬಿಟ್ಟೆವು. ಒಂದು ಹಳೇ ಬಿರುಕಿನ ಹತ್ತಿರ ಹೊರಗೆ ತೇವ ಒಸರಿತು. ಕೊನೆಗೆ ನೀರಿಗಿಳಿಸಿ ಎರಡು ಕ್ವಿಂಟಾಲ್ ಮರಳಿನ ಚೀಲ ಹೇರಿದೆವು: ಇಬ್ಬರು ಜನ, ನೆನೆದ ಬಲೆ, ಮೀನು ಎಲ್ಲ ಸೇರಿದರೆ ಸುಮಾರು ಅಷ್ಟಾಗುತ್ತದೆ. ಅಂಚು ನೀರಿನಿಂದ ಇನ್ನೂ ಒಂದು ಗೇಣಿಗಿಂತ ಮೇಲಿತ್ತು. ಮಾರುವವರನ್ನೇ ಹತ್ತಿಸಿ ಒಂದು ಸುತ್ತು ಹುಟ್ಟು ಹಾಕಿಸಿದಾಗ ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ, ಅದೂ ಒಂದು ಸಾಕ್ಷಿಯೇ.

ಲೆಕ್ಕ ಹೀಗೆ ಬಂತು. ಹೊಸದು 16,000, ಕೆರೆಯ ಬಳಕೆಗೆ ಎಂಟು ವರ್ಷ ಅಂದರೆ ವರ್ಷಕ್ಕೆ 2,000. ಇನ್ನು ಐದು ವರ್ಷ ಬರುತ್ತದೆ, 10,000. ಬಿರುಕಿಗೆ, ಎರಡು ಟೊಳ್ಳು ಜಾಗಕ್ಕೆ, ಅಂಚಿನ ಪಟ್ಟಿಗೆ ಚಾಪೆ, ರಾಳ, ಕೂಲಿ ಸೇರಿ 2,000. ಟಾಟಾ ಏಸ್‌ನಲ್ಲಿ ಓರೆಯಾಗಿ ನಿಲ್ಲಿಸಿ ಕಟ್ಟಿ ತರಲು 1,000. ಉಳಿದದ್ದು 7,000. ನಾವು ಅಲ್ಲಿಂದ ಶುರು ಮಾಡಿದೆವು, ಅವರು 9,000ಕ್ಕೆ ಇಳಿದರು, ಹುಟ್ಟು ಎರಡೂ ಸೇರಿಸಿ 7,500ಕ್ಕೆ ಮುಗಿಯಿತು. ಈಗ ನಮ್ಮ ಕೆರೆಯಲ್ಲಿರುವುದು ಇದೇ. ಜಾಲಿ ಕೊಂಬೆಗೆ ಉಜ್ಜಿ ಗೆರೆ ಬಿದ್ದಿವೆ, ತೂತು ಬಿದ್ದಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು, ಏಕೆಂದರೆ ಇದು ಇಡೀ ಲೆಕ್ಕವನ್ನೇ ಬುಡಮೇಲು ಮಾಡಬಲ್ಲದು. ಮೀನುಗಾರಿಕೆ ಇಲಾಖೆ ಒಳನಾಡು ಮೀನುಗಾರರಿಗೆ ಹರಿಗೋಲು, ಬಲೆಗಳಿಗೆ ಸಹಾಯಧನ ಕೊಡುವುದುಂಟು. 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಫಲಾನುಭವಿಗಳಿಗೆ ಸಾಮಾನ್ಯ ವರ್ಗದಲ್ಲಿ ಶೇ 40, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಶೇ 60ರ ಪ್ರಮಾಣ ಇಟ್ಟಿದ್ದಾರೆ. 16,000ದ ತೆಪ್ಪಕ್ಕೆ ಯಾರಿಗಾದರೂ ಶೇ 60 ಸಿಕ್ಕಿದರೆ ಅವರ ಕೈಯಿಂದ ಹೋಗುವುದು 6,400 ಮಾತ್ರ. ಅಂಥವರಿಗೆ ನಾವು ಕೊಟ್ಟ 7,500 ನ್ಯಾಯದ ಬೆಲೆ ಆಗುವುದೇ ಇಲ್ಲ. ಹಳೆಯದನ್ನು ನೋಡಲು ಹೊರಡುವ ಮೊದಲು ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ಹೋಗಿ ಈ ವರ್ಷ ಯಾವುದಕ್ಕೆ ಅರ್ಜಿ ಕರೆದಿದ್ದಾರೆ ಅಂತ ಕೇಳಿಬನ್ನಿ. ‘ಹೊಸದಕ್ಕೆ ಇಷ್ಟು’ ಅನ್ನುವ ಅಂಕಿ ಅಂಗಡಿಯದ್ದಲ್ಲ, ನಿಮ್ಮ ಕೈಯಿಂದ ನಿಜವಾಗಿ ಹೋಗುವುದು.

ಮೂರನೆಯದರ ಮೇಲೆ ನಮ್ಮ ಗುಂಪಿನ ಹುಡುಗರಿಗೆ ಆಸೆ. ಮಲ್ಪೆ ಕಡೆಯ ಹದಿನಾಲ್ಕು ಅಡಿಯ ಫೈಬರ್ ದೋಣಿ, ಹಿಂದೆ ಪೆಟ್ರೋಲ್ ಎಂಜಿನ್. ಹೇಳಿದ್ದು 1,10,000. ಫೋಟೊದಲ್ಲಿ ನೋಡಿದರೆ ಯಾರಿಗೂ ಬೇಕು ಅನ್ನಿಸುತ್ತದೆ. ಹೋಗಿ ನೋಡಿದೆವು, ಹೊಳೆಯ ಬಾಯಲ್ಲಿ ಓಡಿಸಿದೆವು, ಓಟ ನಿಜಕ್ಕೂ ಚೆಂದ.

ಇಂಥದ್ದಕ್ಕೆ ಒಟ್ಟು ಬೆಲೆ ಕಟ್ಟಲು ಹೋಗಬಾರದು. ದೋಣಿ ಬೇರೆ, ಎಂಜಿನ್ ಬೇರೆ, ಎರಡಕ್ಕೂ ಬೇರೆ ಬೇರೆ ಬೆಲೆ. ಎಂಜಿನ್‌ನಿಂದ ಶುರು ಮಾಡೋಣ. ತಣ್ಣಗಿದ್ದಾಗಲೇ ನೋಡಬೇಕು, ನಾವು ಹೋಗುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಹೋಗುತ್ತದೆ. ಓಡುವಾಗ ಪಕ್ಕದ ಸಣ್ಣ ತೂತಿನಿಂದ ನೀರಿನ ಧಾರೆ ಬಿಗಿಯಾಗಿ ಚಿಮ್ಮಬೇಕು. ಕುಂಟುತ್ತಾ ಬಂದರೆ ಉಪ್ಪುನೀರು ಒಳನಾಳಗಳಲ್ಲಿ ಕಟ್ಟಿಕೊಂಡಿದೆ ಅಥವಾ ಪಂಪು ಸೋತಿದೆ. ಕೆಳಗಿನ ಗೇರ್ ಪೆಟ್ಟಿಗೆಯ ಸ್ಕ್ರೂ ಬಿಚ್ಚಿ ಎರಡು ಹನಿ ಎಣ್ಣೆ ನೋಡಿ: ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ಸೀಲ್ ಹೋಗಿ ನೀರು ನುಗ್ಗಿದೆ. ಎರಡು ಸಿಲಿಂಡರ್ ಇದ್ದರೆ ಮೆಕ್ಯಾನಿಕ್ ಕೈಲಿ ಕಂಪ್ರೆಷನ್ ನೋಡಿಸಿ. ಎರಡರ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಎಂಜಿನ್ ಇಳಿಸುವ ಖರ್ಚು ಹತ್ತಿರದಲ್ಲಿದೆ. ನಾವು ನೋಡಿದ್ದರಲ್ಲಿ ಎಂಜಿನ್ ಚೆನ್ನಾಗಿಯೇ ಇತ್ತು.

ದೋಣಿಯಲ್ಲಿ ನೋಡಬೇಕಾದ್ದು ಎಂಜಿನ್ ಕೂರುವ ಹಿಂದಲೆ, ಅಂದರೆ ಹಿಂಬದಿಯ ಹಲಗೆ. ಅಲ್ಲಿ ಫೈಬರಿನ ಒಳಗೆ ಪ್ಲೈವುಡ್ ಇಟ್ಟಿರುತ್ತಾರೆ. ಬೋಲ್ಟ್ ತೂತಿನಿಂದ ನೀರಿಳಿದು ಪ್ಲೈವುಡ್ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಬಣ್ಣ ನಗುತ್ತಿರುತ್ತದೆ. ಎಂಜಿನ್ ತಲೆಯನ್ನು ಹಿಡಿದು ಹಿಂದೆ ಮುಂದೆ ಜಗ್ಗಿದಾಗ ಹಲಗೆಯೇ ಅಲ್ಲಾಡಿದರೆ ಮುಗಿಯಿತು. ಇದರಲ್ಲಿ ಅಲ್ಲಾಡಿತು. ಬದಲಿಸಲು ಅಲ್ಲಿನ ಕೆಲಸದವರೇ 9,000 ಹೇಳಿದರು. ಸಮುದ್ರದಲ್ಲಿ ಮೀನು ಹಿಡಿದ ದೋಣಿಯಾದರೆ ಮೈಮೇಲೆ ಐಎನ್‌ಡಿ–ಕೆಎ ಎಂದು ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಕಾಗದದ ಹೆಸರು, ಮಾರುವವರ ಹೆಸರು, ಎಂಜಿನ್ನಿನ ಮೇಲಿನ ಸಂಖ್ಯೆ ಮೂರೂ ಹೊಂದಬೇಕು. ಹೊಂದದಿದ್ದರೆ ಯಾವ ಬೆಲೆಯೂ ನ್ಯಾಯವಲ್ಲ.

ಲೆಕ್ಕ: ಇದೇ ಅಳತೆಯ ಹೊಸ ದೋಣಿ, ಎಂಜಿನ್ ಬಿಟ್ಟು, 65,000 ಅಂದರು. ಹನ್ನೆರಡು ವರ್ಷ ಬಾಳಿಕೆ ಇಟ್ಟು, ಉಳಿದದ್ದು ಏಳು ವರ್ಷ ಎಂದರೆ ಸುಮಾರು 38,000. ಹಿಂದಲೆ ಹಲಗೆಗೆ 9,000 ಕಳೆದರೆ 29,000. ಕೋಲಾರಕ್ಕೆ ಬಾಡಿಗೆ 18,000. ಉಳಿಯುವುದು 11,000!

ಮಾರುವವರು ಇದನ್ನು ಕೇಳಿ ಸಿಟ್ಟಾಗಲಿಲ್ಲ. “ಇಂಜಿನ್ ಒಂದೇ ಇಲ್ಲಿ ಎಪ್ಪತ್ತಕ್ಕೆ ಹೋಗ್ತದೆ ಮಾರಾಯ್ರೆ” ಅಂದರು. ಅವರ ಮಾತು ಸರಿ. ಅಲ್ಲಿ ಆ ಎಂಜಿನ್ ದುಡಿಯುತ್ತದೆ. ನಮ್ಮ ಕೆರೆಯಲ್ಲಿ ಏನು ಮಾಡುತ್ತದೆ? ಸಂಸ್ಕರಿಸಿದ ನೀರು ಬಂದ ಕೆರೆಗಳಲ್ಲಿ ಕಳೆ ಬೆಳೆಯುವ ವೇಗ ನೋಡಿದವರಿಗೆ ಗೊತ್ತು, ಎಂಜಿನ್ನಿನ ಪ್ರೊಪೆಲರಿಗೆ ಬೇರು ಸುತ್ತಿಕೊಂಡರೆ ನಿಂತಲ್ಲೇ ನಿಲ್ಲುತ್ತದೆ. ಕಳೆ ಇಲ್ಲದ ಕಡೆ ನಮ್ಮದೇ ಬಲೆ ಸುತ್ತಿಕೊಳ್ಳುತ್ತದೆ. ಈ ದಡದಿಂದ ಆ ದಡಕ್ಕೆ ಹುಟ್ಟು ಹಾಕಿದರೂ ಇಪ್ಪತ್ತು ನಿಮಿಷದ ದಾರಿ, ಅದಕ್ಕೆ ಪೆಟ್ರೋಲ್ ಸುಡುವ ಅಗತ್ಯ ನನಗೆ ಕಾಣಲಿಲ್ಲ. ಮಾರ್ಕೋನಹಳ್ಳಿಯಂಥ ಜಲಾಶಯದಲ್ಲಿ, ತಿಳಿನೀರು, ದೂರದ ಹಾಸು ಇರುವ ಕಡೆ ಕೆಲಸ ಮಾಡುವವರ ಲೆಕ್ಕ ಬೇರೆಯೇ ಆದೀತು. ಅವರಿಗೆ ಎಂಜಿನ್ನಿಗೂ ಒಂದು ಬೆಲೆ ಬರುತ್ತದೆ.

ಮೂರನ್ನೂ ಪಕ್ಕಪಕ್ಕ ಇಟ್ಟರೆ ವರ್ಷದ ಖರ್ಚಿನಲ್ಲಿ ಬಿದಿರು 3,500, ಫೈಬರ್ ತೆಪ್ಪ ಚೌಕಾಸಿಯ 500 ಸೇರಿ 2,100, ಕರಾವಳಿ ದೋಣಿ ಬರೀ ಒಡಲಿಗೇ 5,400. ಕೇಳುವ ಬೆಲೆಯಲ್ಲಿ ಅಗ್ಗದ್ದು ಬಿದಿರು, ಬಳಕೆಯಲ್ಲಿ ಅಗ್ಗದ್ದು ಫೈಬರ್ ತೆಪ್ಪ. ಯಾವುದನ್ನು ಕೊಂಡರೂ ತಲೆಗೊಂದು ಲೈಫ್ ಜಾಕೆಟ್ಟಿನ ಬೆಲೆಯನ್ನು ಮೊದಲೇ ಎತ್ತಿಡಿ. ಅದರಲ್ಲಿ ಹಳೆಯದು ಬೇಡ, ಒಳಗಿನ ಫೋಮು ಸತ್ತಿದೆಯೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ.

ಕೊಳ್ಳುವ ಕಾಲವೂ ಬೆಲೆಯನ್ನು ಆಡಿಸುತ್ತದೆ. ಕೆರೆ ತುಂಬಿ ಎಲ್ಲರೂ ಮರಿ ಬಿಡುವ ಹೊತ್ತಿಗೆ ಹುಡುಕಿದರೆ ಎರಡು ಸಾವಿರ ಹೆಚ್ಚೇ ಹೇಳುತ್ತಾರೆ. ಬೇಸಿಗೆಯಲ್ಲಿ ನೀರು ತೂಬಿನ ಮಟ್ಟಕ್ಕಿಳಿದಾಗ, ಗುತ್ತಿಗೆ ಮುಗಿಸಿದವರಿಗೆ ತೆಪ್ಪ ಇಡಲು ಜಾಗವೂ ಭಾರ. ನಾವು ತಂದದ್ದು ಆಗ.

ಹುಡುಗರು ಆ ದೋಣಿಯನ್ನು ಇನ್ನೂ ಬಿಟ್ಟಿಲ್ಲ. ಮಂಗಳೂರು ಕಡೆಗೆ ಟೊಮೆಟೊ ಹೊತ್ತು ಹೋಗುವ ಲಾರಿಗಳಲ್ಲಿ ಕೆಲವು ಖಾಲಿ ವಾಪಸ್ ಬರುತ್ತವೆ, ಶಿರಾಡಿ ಹತ್ತಿ ಬರುವ 75ನೇ ಹೆದ್ದಾರಿ ಕೋಲಾರದ ಮೇಲೇ ಹಾದುಹೋಗುತ್ತದೆ. ಎಪಿಎಂಸಿಯಲ್ಲಿ ಒಬ್ಬ ಡ್ರೈವರಣ್ಣನನ್ನು ಕೇಳಿದರೆ ವಾಪಸ್ ಬಾಡಿಗೆ 8,000 ಅಂದರು. ಹಾಗಾದರೆ ಎಂಜಿನ್ ಇಲ್ಲದ ಬರೀ ದೋಣಿಗೆ ನಮ್ಮ ಬೆಲೆ 21,000. ಮಾರುವವರಿಗೆ ಅಷ್ಟೇ ಹೇಳಿ ಕಳಿಸಿದ್ದೇವೆ, ಎಂಜಿನ್ ಅವರು ಅಲ್ಲೇ ಎಪ್ಪತ್ತಕ್ಕೆ ಮಾರಿಕೊಳ್ಳಲಿ.