ಕುಂಡದ ಪ್ರಯೋಗಗಳಿಗೆ ಆರ್‌ನ ಅಗ್ರಿಕೋಲೆ: ಹಲವು ವರ್ಷ ಬಳಸಿದ ಮೇಲೆ

ಪಾಲಿಹೌಸಿನಲ್ಲಿ ರಾಗಿ ಕುಂಡಗಳನ್ನು ಸಿಆರ್‌ಡಿಯಲ್ಲಿ (ಯಾವ ಕುಂಡ ಎಲ್ಲಿಗೆ ಎಂಬುದನ್ನು ಪೂರ್ತಿ ಚೀಟಿ ಎತ್ತಿದಂತೆ ನಿರ್ಧರಿಸುವ ವಿನ್ಯಾಸ) ಜೋಡಿಸಲು ನಾನು ಬಳಸುವುದು ಆರ್ ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರಿನ ಅಗ್ರಿಕೋಲೆ ಪ್ಯಾಕೇಜು. ಪೆರುವಿನ ಫೆಲಿಪೆ ದೆ ಮೆಂಡಿಬುರು ಕೃಷಿ ಪ್ರಯೋಗಗಳಿಗೆಂದೇ ಬರೆದದ್ದು. ದುಡ್ಡು ಕೊಡಬೇಕಿಲ್ಲ.

ಕೆಲಸ ಒಂದೇ ಸಾಲಿನದು. ಡಿಸೈನ್.ಸಿಆರ್‌ಡಿ ಫಂಕ್ಷನ್ನಿಗೆ 5 ಉಪಚಾರಗಳ (ಹೋಲಿಸಿ ನೋಡುವ ತಳಿ, ಗೊಬ್ಬರದ ಪ್ರಮಾಣ ಇಂಥವು) ಹೆಸರು, 4 ಪುನರಾವರ್ತನೆ (ಒಂದೊಂದಕ್ಕೂ 4 ಕುಂಡ) ಎಂದು ಕೊಟ್ಟರೆ 20 ಕುಂಡಗಳ ಪಟ್ಟಿ 101ರಿಂದ 120ರವರೆಗೆ ನಂಬರ್ ಹಾಕಿಕೊಂಡು ಬರುತ್ತದೆ. ಒಂದು ತಳಿಯ ಬೀಜ ಸಾಲದಿದ್ದರೆ ಅದಕ್ಕೆ ಮಾತ್ರ 3 ಎನ್ನಬಹುದು.

ನಿಜ ಹೇಳಬೇಕೆಂದರೆ ಇಷ್ಟಕ್ಕೆ ಪ್ಯಾಕೇಜೇ ಬೇಡ, ಆರ್‌ನ ಪಟ್ಟಿಯನ್ನು ಕಲೆಸಿಕೊಡುವ ಸ್ಯಾಂಪಲ್ ಫಂಕ್ಷನ್ ಸಾಕು. ಪ್ಯಾಕೇಜಿನಲ್ಲಿ ನನಗೆ ಹಿಡಿಸಿದ್ದು ಸೀಡ್ ನಂಬರ್, ಅಂದರೆ ಮತ್ತೆ ಕೊಟ್ಟರೆ ಅದೇ ಪಟ್ಟಿ ಬರುವಂತೆ ಮಾಡುವ ಆರಂಭದ ಸಂಖ್ಯೆ. ನಾವು ಕೊಡದಿದ್ದರೂ ಅದೇ ಒಂದನ್ನು ಆರಿಸಿ, ಪಟ್ಟಿಯ ಜೊತೆ ದಾಖಲಿಸುತ್ತದೆ. ಎಕ್ಸೆಲ್‌ನ ರ‍್ಯಾಂಡ್ (ಯಾದೃಚ್ಛಿಕ ಸಂಖ್ಯೆ ಕೊಡುವ ಫಂಕ್ಷನ್) ಹಾಗಲ್ಲ. ಶೀಟಿನಲ್ಲಿ ಬೇರೇನೋ ಟೈಪ್ ಮಾಡಿದರೂ ಸಂಖ್ಯೆಗಳೆಲ್ಲ ಬದಲಾಗುತ್ತವೆ.

ಆದರೆ ಇದರಿಂದಲೇ ಒಂದು ಚಾಳಿಯೂ ಹತ್ತುತ್ತದೆ. ಒಂದೇ ಉಪಚಾರದ ಮೂರು ಕುಂಡ ಪಕ್ಕಪಕ್ಕ ಬಂದರೆ ಸಾಕು, "ಸರ್, ಇದ್ಯಾಕೋ ಸರಿ ಕಾಣ್ತಿಲ್ಲ" ಎಂದು ವಿದ್ಯಾರ್ಥಿಗಳು ಸೀಡ್ ಬದಲಾಯಿಸಲು ಹೊರಡುತ್ತಾರೆ. ಕಣ್ಣಿಗೆ ಚೆನ್ನಾಗಿ ಕಾಣುವವರೆಗೂ ಓಡಿಸಿದರೆ ಆರಿಸಿದ್ದು ಕಂಪ್ಯೂಟರೋ ನಾವೋ? ಸಿಆರ್‌ಡಿಯಲ್ಲಿ ಹೀಗೆ ಗುಂಪಾಗುವುದು ಸಹಜ. ಜಾಗದಿಂದ ಜಾಗಕ್ಕೆ ವ್ಯತ್ಯಾಸ ಇದೆ ಅನಿಸಿದರೆ (ಒದ್ದೆ ಪ್ಯಾಡಿನ ಮೂಲಕ ಗಾಳಿ ಎಳೆಯುವ ಫ್ಯಾನ್-ಪ್ಯಾಡ್ ಪಾಲಿಹೌಸಿನಲ್ಲಿ ಪ್ಯಾಡ್ ಕಡೆ ತಂಪು ಜಾಸ್ತಿ, ಅಲ್ವಾ) ಒಂದೇ ತರಹದ ಜಾಗಗಳನ್ನು ಒಂದೊಂದು ಬ್ಲಾಕ್ ಮಾಡಿ, ಪ್ರತಿ ಬ್ಲಾಕಿನೊಳಗೂ ಎಲ್ಲ ಉಪಚಾರಗಳನ್ನು ಕಲೆಸಿ ಜೋಡಿಸುವ ಆರ್‌ಸಿಬಿಡಿಗೆ ಹೋಗಬೇಕು. ಅದನ್ನು ಸಾಫ್ಟ್‌ವೇರ್ ಹೇಳುವುದಿಲ್ಲ. ಕೇಳಿದ ಡಿಸೈನ್ ಸುಮ್ನೆ ಕೊಟ್ಟುಬಿಡುತ್ತದೆ.

ಕೊರತೆಗಳಿವೆ. ಆರ್‌ಸಿಬಿಡಿಗೆ ನಕ್ಷೆ ಬರುತ್ತದೆ, ಸಿಆರ್‌ಡಿಗೆ ಬರೀ ಪಟ್ಟಿ. ಯಾವ ಕುಂಡ ಯಾವ ಬೆಂಚಿನ ಮೇಲೆ ಎಂಬುದನ್ನು ನಾವೇ ಬರೆದುಕೊಳ್ಳಬೇಕು. ಗೊಬ್ಬರದ ಪ್ರಮಾಣವನ್ನು 0, 40, 80, 120 ಎಂದೇ ಕೊಟ್ಟರೆ, ಸಿಎಸ್‌ವಿ ಫೈಲಿನಿಂದ ಮತ್ತೆ ಓದಿಸುವಾಗ ಆರ್ ಅದನ್ನು ಬರೀ ಅಂಕಿ ಎಂದುಕೊಳ್ಳುತ್ತದೆ. ಅನೋವಾದಲ್ಲಿ (ಉಪಚಾರಗಳ ನಡುವಿನ ವ್ಯತ್ಯಾಸ ನಿಜವೇ ಎಂದು ನೋಡುವ ವಿಶ್ಲೇಷಣೆ) ಉಪಚಾರಕ್ಕೆ 3 ಡಿಎಫ್ (ಉಪಚಾರಗಳ ಸಂಖ್ಯೆಗಿಂತ ಒಂದು ಕಡಿಮೆ) ಬರಬೇಕಾದಲ್ಲಿ 1 ಬರುತ್ತದೆ. ಎನ್0, ಎನ್40 ಎಂದು ಹೆಸರಿಟ್ಟರೆ ಈ ತಲೆನೋವಿಲ್ಲ.

ಇನ್ನೊಂದು, 2019ರಲ್ಲಿ ಬಂದ ಆರ್ 3.6.0ರಿಂದ ಸ್ಯಾಂಪಲ್ ಕೆಲಸ ಮಾಡುವ ರೀತಿ ಬದಲಾಗಿದೆ. ಹಳೆಯ ಸೀಡನ್ನೇ ಹಾಕಿದರೂ ಹಳೆಯ ಪಟ್ಟಿ ಬರುವುದಿಲ್ಲ. ಅದಕ್ಕೇ ಸೀಡ್ ಪಕ್ಕ ಆರ್ ವರ್ಷನ್ನೂ ಬರೆದು, ಪಟ್ಟಿಯ ಪ್ರಿಂಟನ್ನು ಪ್ರಯೋಗದ ನೋಟ್‌ಬುಕ್ಕಿಗೆ ಅಂಟಿಸುತ್ತೇನೆ.